ಒಂದಗುಳು ಸಾಲದು

ಅನ್ನ ಬೆಂದಿದೆಯೋ ಇಲ್ಲವೋ ನೋಡಲು ನಮ್ಮಮ್ಮ ಸೌಟಿನ ತುದಿಯಲ್ಲಿ ಒಂದೇ ಅಗುಳು ಎತ್ತುತ್ತಿದ್ದರು. ಹೆಬ್ಬೆರಳು ತೋರುಬೆರಳುಗಳ ನಡುವೆ ಅದನ್ನು ಹಿಸುಕಿ ನೋಡುತ್ತಿದ್ದರು. ಒಳಗೆ ಬಿಳಿ ಚುಕ್ಕೆ ಉಳಿದಿದ್ದರೆ ಪಾತ್ರೆಗೆ ಮತ್ತೆ ಮುಚ್ಚಳ, ಇಲ್ಲದಿದ್ದರೆ ಗಂಜಿ ಬಸಿಯುವುದು. ‘ಅನ್ನಕ್ಕೆ ಒಂದಗುಳು ನೋಡಿದರೆ ಸಾಕು’ ಎಂಬ ಮಾತನ್ನು ನಾವು ಅಡುಗೆಮನೆಯ ಆಚೆಗೂ ಒಯ್ದು, ಒಬ್ಬ ಮನುಷ್ಯನನ್ನು ಕಂಡು ಇಡೀ ಊರಿನ ಬಗ್ಗೆ ತೀರ್ಪು ಕೊಡುತ್ತೇವೆ. ಆ ಮಾತು ಎಲ್ಲಿ ಸಲ್ಲುತ್ತದೆ, ಎಲ್ಲಿ ಸಲ್ಲುವುದಿಲ್ಲ ಎಂಬುದು ನನಗೆ ಚೆನ್ನಾಗಿ ಮನದಟ್ಟಾಗಿದ್ದು ಸ್ಪರ್ಧೆಯ ರೈಫಲ್‌ಗಳ ನಿಖರತೆಯನ್ನು ಪರೀಕ್ಷಿಸುವ ವಿದ್ಯೆಯ ಬಗ್ಗೆ ಓದಿದಾಗ.

ಶೂಟರ್ ಒಬ್ಬ ಮೇಜಿನ ಮೇಲೆ ಮರಳುಚೀಲ ಇಟ್ಟು, ಅದರ ಮೇಲೆ ರೈಫಲ್ ಊರಿ, ನೂರು ಗಜ ದೂರದ ಕಾಗದಕ್ಕೆ ಮೂರು ಗುಂಡು ಹೊಡೆಯುತ್ತಾನೆ. ಮೂರೂ ತೂತುಗಳು ಒಂದಕ್ಕೊಂದು ತಾಗಿಕೊಂಡಿವೆ, ಅಳೆದರೆ ಅರ್ಧ ಇಂಚು. ಕಾಗದವನ್ನು ಮಡಿಸಿ ಜೇಬಿಗೆ ಹಾಕಿಕೊಳ್ಳುತ್ತಾನೆ. ಅಂದಿನಿಂದ ಅವನ ಪಾಲಿಗೆ ಅದು ‘ಅರ್ಧ ಇಂಚಿನ ರೈಫಲ್’. ಮರುದಿನ ಅದೇ ರೈಫಲ್, ಅದೇ ತೋಟಾ, ಗುಂಪಿನ ಅಗಲ ಒಂದೂವರೆ ಇಂಚು. ಆಗ ಗಾಳಿಯನ್ನೋ ಬಿಸಿಲನ್ನೋ ತನ್ನ ಉಸಿರನ್ನೋ ದೂರುತ್ತಾನೆ, ಆ ಕಾಗದ ಮಾತ್ರ ಜೇಬು ಸೇರುವುದಿಲ್ಲ.

ನಿಜವಾಗಿ ಆ ಎರಡು ದಿನಗಳ ನಡುವೆ ರೈಫಲ್ ಬದಲಾಗಿಯೇ ಇಲ್ಲದಿರಬಹುದು. ಗುಂಡುಗಳು ಗುರಿಯ ಸುತ್ತ ಎಲ್ಲ ದಿಕ್ಕಿಗೂ ಸಮನಾಗಿ ಚದುರುತ್ತವೆ ಎಂದುಕೊಂಡು ಲೆಕ್ಕ ಹಾಕಿದರೆ ಸಿಗುವ ಅಂಕಿಗಳು ಇವು. ಮೂರು ಗುಂಡಿನ ಗುಂಪು ಸರಾಸರಿ 1 ಇಂಚು ಅಗಲ ಬರುವ ರೈಫಲ್ಲಿನಲ್ಲಿ ಐದು ಗುಂಡಿನ ಗುಂಪು ಸುಮಾರು 1.27 ಇಂಚು ಬರುತ್ತದೆ, ಹತ್ತು ಗುಂಡಿನದು ಸುಮಾರು 1.58 ಇಂಚು. ಮೂರು ಮೂರರಂತೆ ಹೊಡೆಯುತ್ತಾ ಹೋದರೆ ಅರ್ಧ ಇಂಚಿನ ಗುಂಪೂ ಬರುತ್ತದೆ, ಒಂದೂವರೆ ಇಂಚಿನದೂ ಬರುತ್ತದೆ. ಎರಡೂ ಅದೇ ರೈಫಲ್ಲಿನವೇ. ಚಿಕ್ಕದನ್ನು ಜೇಬಿಗಿಟ್ಟು ದೊಡ್ಡದನ್ನು ಬಿಸಾಡಿದವನಿಗೆ ತನ್ನ ರೈಫಲ್ ಏನೆಂದು ಗೊತ್ತಾಗುವುದೇ ಇಲ್ಲ.

ಅಗುಳಿನ ಮಾತು ಅನ್ನಕ್ಕೆ ಸಲ್ಲುವುದಕ್ಕೆ ಕಾರಣವಿದೆ. ಒಂದೇ ಪಾತ್ರೆ, ಒಂದೇ ನೀರು, ಒಂದೇ ಕುದಿ. ಅಕ್ಕಿ ಮೇಲೆ ಕೆಳಗೆ ಹೊರಳುತ್ತಾ ಬೇಯುವುದರಿಂದ ಒಂದು ಅಗುಳಿಗೂ ಇನ್ನೊಂದಕ್ಕೂ ಹೆಚ್ಚು ವ್ಯತ್ಯಾಸವಿರುವುದಿಲ್ಲ. ರೈಫಲ್ಲಿನಲ್ಲಿ ನಾವು ಅಳೆಯಹೊರಟಿರುವುದೇ ಆ ವ್ಯತ್ಯಾಸವನ್ನು. ಒಂದು ಗುಂಡು ಎಲ್ಲಿ ಬಿತ್ತು ಎನ್ನುವುದಕ್ಕಿಂತ, ಒಂದಕ್ಕೂ ಇನ್ನೊಂದಕ್ಕೂ ಎಷ್ಟು ಅಂತರ ಎಂಬುದು ಇಲ್ಲಿನ ಪ್ರಶ್ನೆ. ಅದಕ್ಕೆ ಒಂದಗುಳು ಉತ್ತರ ಕೊಡಲಾರದು.

ಈ ಪ್ರಶ್ನೆಯನ್ನು ಸರಿಯಾಗಿ ಕೇಳಲು ಕಲಿಸಿದ ಇಬ್ಬರು ಒಂದೇ ಕಾಲದವರು. ಡಬ್ಲಿನ್ನಿನ ಗಿನ್ನೆಸ್ ಬಿಯರ್ ಕಾರ್ಖಾನೆಯಲ್ಲಿದ್ದ ವಿಲಿಯಂ ಸೀಲಿ ಗಾಸೆಟ್, ಕೆಲವೇ ಮಾದರಿಗಳನ್ನು ಕೈಯಲ್ಲಿಟ್ಟುಕೊಂಡು ಎಷ್ಟು ಖಚಿತವಾಗಿ ಮಾತನಾಡಬಹುದು ಎಂಬ ಲೆಕ್ಕವನ್ನು 1908ರಲ್ಲಿ ‘ಸ್ಟೂಡೆಂಟ್’ ಎಂಬ ಹೆಸರಿನಲ್ಲಿ ಪ್ರಕಟಿಸಿದ. ಮರುವರ್ಷ, 1909ರಲ್ಲಿ, ಅಮೆರಿಕದ ವೈದ್ಯ ಫ್ರಾಂಕ್ಲಿನ್ ಮ್ಯಾನ್ ತನ್ನ ದಶಕಗಳ ಪ್ರಯೋಗಗಳನ್ನು ಪುಸ್ತಕವಾಗಿ ತಂದ. ಮನುಷ್ಯನ ಕೈನಡುಕ ಲೆಕ್ಕದಲ್ಲಿ ಸೇರಬಾರದೆಂದು ಆತ ನಳಿಕೆಯನ್ನು ನೆಲದಲ್ಲಿ ಹೂತ ಕಾಂಕ್ರೀಟ್ ಕಂಬದ ಮೇಲೆ ಕೂರಿಸಿ ಹೊಡೆದ. ಗುಂಡುಗಳನ್ನು ಬೇಕೆಂದೇ ಕೆಡಿಸಿಯೂ ನೋಡಿದ. ಮೂತಿ ಜಜ್ಜಿದ ಗುಂಡು ಅಷ್ಟಾಗಿ ದಾರಿ ತಪ್ಪಲಿಲ್ಲ, ಬುಡ ಕೆಟ್ಟ ಗುಂಡು ದೂರ ಚದುರಿತು. ನಳಿಕೆಯ ಬಾಯಿ ದಾಟುವ ಕೊನೆಯ ಕ್ಷಣದಲ್ಲಿ ಬುಡ ಓರೆಯಾಗಿದ್ದರೆ ಹಿಂದಿನಿಂದ ನುಗ್ಗುವ ಅನಿಲ ಗುಂಡನ್ನು ಒಂದು ಪಕ್ಕಕ್ಕೆ ತಳ್ಳುತ್ತದೆ. ಕಣ್ಣಿಗೆ ಬೀಳುವ ಮೂತಿಗಿಂತ ಕಾಣದ ಬುಡವೇ ಮುಖ್ಯ ಎಂದು ಗೊತ್ತಾಗಿದ್ದು ಹಾಗೆ.

ಮ್ಯಾನ್ ಪರೀಕ್ಷಿಸಿದ್ದು ಅಲುಗಾಡದ ನಳಿಕೆಯನ್ನು. ಸೆಮಿ-ಆಟೊಮ್ಯಾಟಿಕ್ ರೈಫಲ್ಲಿನ ಕಷ್ಟವೇ ಬೇರೆ. ಅಲ್ಲಿ ಮದ್ದಿನ ಅನಿಲದ ಒಂದು ಪಾಲು ನಳಿಕೆಯ ಸಣ್ಣ ರಂಧ್ರದಿಂದ ಹೊರಬಂದು, ನಳಿಕೆಯ ಹಿಂಬದಿಯನ್ನು ಮುಚ್ಚುವ ಬೋಲ್ಟನ್ನು ಹಿಂದಕ್ಕೆ ಓಡಿಸುತ್ತದೆ. ಖಾಲಿ ತೋಟಾ ಹಾರುತ್ತದೆ, ಹೊಸದು ಒಳಗೆ ಕೂರುತ್ತದೆ. ಈ ಓಟದ ಹೆಚ್ಚಿನ ಭಾಗ ಗುಂಡು ಹೊರಬಿದ್ದ ಮೇಲೆಯೇ ನಡೆಯುವುದು. ಆದರೆ ಓಡಿದ ಭಾಗಗಳು ಮರಳಿ ಬಂದು ಕೂರುವಾಗ ಕೂದಲೆಳೆಯಷ್ಟು ಆಚೀಚೆಯಾದರೂ ಮುಂದಿನ ಗುಂಡಿನ ದಾರಿ ಬದಲಾಗುತ್ತದೆ.

ಈ ರೈಫಲ್ಲುಗಳನ್ನು ಪಳಗಿಸಿದ ದೊಡ್ಡ ಶಾಲೆಯೆಂದರೆ ಅಮೆರಿಕದ ಓಹಾಯೊ ರಾಜ್ಯದಲ್ಲಿ, ಈರಿ ಸರೋವರದ ದಂಡೆಯ ಮೇಲಿರುವ ಕ್ಯಾಂಪ್ ಪೆರಿ. 1907ರಿಂದ ಅಲ್ಲಿ ರಾಷ್ಟ್ರೀಯ ಸ್ಪರ್ಧೆಗಳು ನಡೆದುಬಂದಿವೆ. 600 ಗಜದ ಸುತ್ತಿನಲ್ಲಿ ಮಲಗಿ ಹೊಡೆಯಬೇಕು. ಹತ್ತು ಅಂಕದ ವೃತ್ತದ ಅಗಲ 12 ಇಂಚು, ಅಂದರೆ ಅರ್ಧ ಕಿಲೋಮೀಟರಿಗೂ ಆಚೆ ಒಂದು ಊಟದ ತಟ್ಟೆಯಷ್ಟು. ಯುದ್ಧಕ್ಕೆಂದು ಮಾಡಿದ ಸೇನಾ ರೈಫಲ್ ಇದ್ದಂತೆಯೇ ಇಲ್ಲಿ ಸಾಲದು.

ಜಾನ್ ಗ್ಯಾರಂಡ್ ರೂಪಿಸಿದ ಎಂ1 ರೈಫಲನ್ನು ಅಮೆರಿಕದ ಸೇನೆ 1936ರಲ್ಲಿ ಸ್ವೀಕರಿಸಿತು, 1957ರಲ್ಲಿ ಎಂ14 ಅನ್ನು. ಎರಡರದೂ ಮೊದಲಿಗೆ ಮರದ ಹಿಡಿ. ಮಳೆಗಾಲದಲ್ಲಿ ನಮ್ಮ ಮನೆಯ ಬಾಗಿಲು ಉಬ್ಬಿ ಚೌಕಟ್ಟಿಗೆ ಸಿಕ್ಕಿಕೊಳ್ಳುವ ಹಾಗೆ ಆ ಮರವೂ ತೇವಕ್ಕೆ ಉಬ್ಬಿ, ಬಿಸಿಲಿಗೆ ಕುಗ್ಗಿ, ಒಳಗಿನ ಉಕ್ಕನ್ನು ಬೇರೆ ಬೇರೆ ಕಡೆ ಒತ್ತುತ್ತಿತ್ತು. ಕುಶಲಕರ್ಮಿಗಳು ಮರ ಮತ್ತು ಉಕ್ಕಿನ ನಡುವಿನ ಸಂದಿಗೆ ಗಾಜಿನ ನಾರು ಬೆರೆಸಿದ ಅಂಟನ್ನು ತುಂಬಿ ಉಕ್ಕಿಗೆ ಕದಲದ ಹಾಸಿಗೆ ಮಾಡಿಕೊಟ್ಟರು. ಅನಿಲದ ಕೊಳವೆಯನ್ನೂ ಅದರ ಪಕ್ಕದ ಲೋಹದ ಪಟ್ಟಿಯನ್ನೂ ಒಂದಾಗಿ ಬೆಸೆದರು. ಹಾಗೆ ಕೂರಿಸಿದ ರೈಫಲ್ಲನ್ನು ಶೂಟರುಗಳು ಸುಮ್ಮಸುಮ್ಮನೆ ಬಿಚ್ಚುತ್ತಿರಲಿಲ್ಲ, ಹಿಡಿಯಲ್ಲಿದ್ದಂತೆಯೇ ಒರೆಸಿ ಇಡುತ್ತಿದ್ದರು.

ಯೂಜೀನ್ ಸ್ಟೋನರ್ ವಿನ್ಯಾಸದ ಎಆರ್-15 ಕುಲದ ರೈಫಲ್ಲುಗಳು 1990ರ ದಶಕದಲ್ಲಿ ಕ್ಯಾಂಪ್ ಪೆರಿಯಲ್ಲಿ ಮೇಲುಗೈ ಪಡೆದವು. ಅವುಗಳ ಸಣ್ಣ ಗುಂಡು 600 ಗಜದಲ್ಲಿ ಗಾಳಿಗೆ ಸುಲಭವಾಗಿ ಸರಿಯುತ್ತಿತ್ತು. ಅದಕ್ಕೆ 80 ಗ್ರೇನ್ ತೂಕದ ಉದ್ದನೆಯ ಗುಂಡು, ಅದನ್ನು ಬೇಗ ತಿರುಗಿಸಲು ಬಿಗಿಯಾದ ಸುರುಳಿಗೆರೆಗಳ ನಳಿಕೆ ಬಂದವು. ಆ ಗುಂಡಿನ ತೋಟಾ ಮ್ಯಾಗಜೀನಿನಲ್ಲಿ ಹಿಡಿಸದಷ್ಟು ಉದ್ದ, ಒಂದೊಂದಾಗಿ ಕೈಯಲ್ಲೇ ತುಂಬಬೇಕು.

ಇಷ್ಟಾದರೂ ಒಂದು ತಪ್ಪು ಉಳಿದಿತ್ತು. ಮಲಗಿ ಹೊಡೆಯುವಾಗ ಶೂಟರ್ ರೈಫಲ್ಲಿನ ಪಟ್ಟಿಯನ್ನು ತೋಳಿಗೆ ಸುತ್ತಿ, ರಕ್ತ ನಿಲ್ಲುವಷ್ಟು ಬಿಗಿಯಾಗಿ ಎಳೆದುಕೊಳ್ಳುತ್ತಾನೆ. ಪಟ್ಟಿಯ ಇನ್ನೊಂದು ತುದಿ ಕಟ್ಟಿರುವುದು ರೈಫಲ್ಲಿನ ಮುಂಭಾಗಕ್ಕೆ. ಆ ಮುಂಭಾಗ ನಳಿಕೆಗೆ ತಾಗಿಕೊಂಡಿದ್ದರೆ ತೋಳಿನ ಎಳೆತ ನೇರ ನಳಿಕೆಯನ್ನೇ ಬಗ್ಗಿಸುತ್ತದೆ. ಕಣ್ಣಿಗೆ ಕಾಣದಷ್ಟು ಬಾಗು, ಆದರೆ 600 ಗಜದಲ್ಲಿ ಗುಂಡು ಬೀಳುವ ಜಾಗವೇ ಬೇರೆ. ಪರಿಹಾರವಾಗಿ ನಳಿಕೆಯ ಸುತ್ತ, ಅದಕ್ಕೆ ಎಲ್ಲೂ ತಾಗದಂತೆ, ಲೋಹದ ಕೊಳವೆಯೊಂದನ್ನು ಕೂರಿಸಿ ಪಟ್ಟಿಯನ್ನು ಅದಕ್ಕೆ ಕಟ್ಟಿದರು. ಈಗ ಎಳೆತವೆಲ್ಲ ಕೊಳವೆಗೆ, ನಳಿಕೆ ತನ್ನಷ್ಟಕ್ಕೆ ನಿಂತಿರುತ್ತದೆ. ಮರಳುಚೀಲದ ಮೇಲಷ್ಟೇ ಪರೀಕ್ಷಿಸಿದವನಿಗೆ ಈ ದೋಷ ಎಂದೂ ಕಾಣುತ್ತಿರಲಿಲ್ಲ.

ಹಾಗಾಗಿ ಬಲ್ಲ ಶೂಟರ್ ಎರಡು ಬಗೆಯಲ್ಲಿ ಪರೀಕ್ಷಿಸುತ್ತಾನೆ. ರೈಫಲ್ಲಿನ ಗುಣ ತಿಳಿಯಲು ಮರಳುಚೀಲದ ಮೇಲೆ, ಸ್ಪರ್ಧೆಯಲ್ಲಿ ಅದು ಹೇಗೆ ನಡೆದುಕೊಳ್ಳುತ್ತದೆಂದು ತಿಳಿಯಲು ಪಟ್ಟಿ ಬಿಗಿದು. ಹತ್ತು ಗುಂಡಿನ ಗುಂಪುಗಳನ್ನು, ಒಂದಕ್ಕಿಂತ ಹೆಚ್ಚು ಸಲ ಹೊಡೆಯುತ್ತಾನೆ. ಮ್ಯಾಗಜೀನಿನಿಂದ ಹೊಡೆಯುವಾಗ, ಕೈಯಿಂದ ತುಂಬಿದ ಮೊದಲ ತೋಟಾಕ್ಕೂ ಯಂತ್ರವೇ ತುಂಬಿಕೊಂಡ ಉಳಿದವಕ್ಕೂ ಬೀಳುವ ಜಾಗದಲ್ಲಿ ವ್ಯತ್ಯಾಸವಿದೆಯೇ ಎಂದು ಗುರುತು ಹಾಕಿಕೊಳ್ಳುತ್ತಾನೆ. ತೋಟಾ ಬದಲಿಸಿದ ದಿನ ಟ್ರಿಗರ್ ಬದಲಿಸುವುದಿಲ್ಲ, ಎರಡನ್ನೂ ಒಟ್ಟಿಗೆ ಬದಲಿಸಿದರೆ ಫಲ ಯಾವುದರದೆಂದು ತಿಳಿಯುವುದಿಲ್ಲವಲ್ಲ. ಅಂಚಿನ ಎರಡು ತೂತುಗಳ ಅಂತರವನ್ನಷ್ಟೇ ಅಳೆದು ಬಿಡದೆ, ಗುಂಪಿನ ನಡುಬಿಂದುವಿನಿಂದ ಪ್ರತಿ ತೂತಿಗಿರುವ ದೂರವನ್ನು ಕೂಡಿ ಸರಾಸರಿ ತೆಗೆಯುತ್ತಾನೆ. ಆಗ ಹತ್ತು ಗುಂಡುಗಳೂ ಸಾಕ್ಷಿ ನುಡಿಯುತ್ತವೆ. ದಾರಿ ತಪ್ಪಿದ ಗುಂಡನ್ನು ‘ಅದು ನನ್ನ ತಪ್ಪು’ ಎಂದು ಲೆಕ್ಕದಿಂದ ಅಳಿಸುವ ಹಕ್ಕು ಅವನಿಗಿರುವುದು ಕಾಗದ ನೋಡುವ ಮೊದಲು ಮಾತ್ರ. ಗುಂಡು ಹಾರಿದೊಡನೆ ‘ಇದು ಕೈ ತಪ್ಪಿತು’ ಎಂದು ಬಾಯಿಬಿಟ್ಟು ಹೇಳಿದ್ದರೆ ಸರಿ, ತೂತು ಕಂಡ ಮೇಲೆ ಹೇಳಿದರೆ ಅದು ನೆಪ.

ಈ ಶಿಸ್ತು ನನಗೆ ಬಹಳ ದೊಡ್ಡದಾಗಿ ಕಾಣುತ್ತದೆ. ಔಷಧವನ್ನು, ಬಿತ್ತನೆ ಬೀಜವನ್ನು, ಮಕ್ಕಳ ಒಂದು ಪರೀಕ್ಷೆಯ ಅಂಕವನ್ನು ನಾವು ಅಳೆಯುವಾಗಲೂ ಚಿಕ್ಕ ಗುಂಪನ್ನು ಜೇಬಿಗಿಟ್ಟುಕೊಳ್ಳುವ ಆಸೆ ಇದ್ದೇ ಇರುತ್ತದೆ. ಒಂದು ಗದ್ದೆಯಲ್ಲಿ ಚೆನ್ನಾಗಿ ಬಂದ ತಳಿಯನ್ನು ಇಡೀ ತಾಲ್ಲೂಕಿಗೆ ಹೇಳಿಬಿಡುತ್ತೇವೆ. ಬಾರದ ಗದ್ದೆಯವನನ್ನು ಯಾರೂ ಕೇಳಿರುವುದಿಲ್ಲ.

ಹಾಗೆಂದು ಅಗುಳಿನ ಮಾತು ಹೇಳಿದ ಹಿರಿಯರು ಇದನ್ನು ಅರಿಯದವರಲ್ಲ. ನಮ್ಮೂರಿನ ಮದುವೆಗಳಲ್ಲಿ ಸೌದೆ ಒಲೆಯ ಮೇಲೆ ದೊಡ್ಡ ಹಂಡೆಯಲ್ಲಿ ಅನ್ನವಿಡುತ್ತಿದ್ದ ಅಡುಗೆಭಟ್ಟರು ಒಂದೇ ಅಗುಳು ಹಿಸುಕಿ ಸುಮ್ಮನಾದದ್ದನ್ನು ನಾನು ಕಂಡಿಲ್ಲ. ಉದ್ದನೆಯ ಸಟ್ಟುಗವನ್ನು ಅಂಚಿನಲ್ಲಿ ಇಳಿಸಿ ಒಂದಿಷ್ಟು, ನಡುವಿನಿಂದ ಒಂದಿಷ್ಟು, ತಳ ಕೆದಕಿ ಒಂದಿಷ್ಟು ತೆಗೆದು, ಬಾಳೆಲೆಯ ಚೂರಿನ ಮೇಲೆ ಬೇರೆ ಬೇರೆ ಇಟ್ಟು, ಒಂದೊಂದನ್ನೇ ಹಿಸುಕಿ ನೋಡುತ್ತಿದ್ದರು. ಅಂಚಿನ ಅಗುಳು ಗಟ್ಟಿಯಿದ್ದರೆ, ನಡುವಿನದು ಎಷ್ಟೇ ಚೆನ್ನಾಗಿ ಬೆಂದಿರಲಿ, ಆ ಕಡೆಯ ಸೌದೆಯನ್ನು ಮುಂದಕ್ಕೆ ತಳ್ಳಿ ಇನ್ನೂ ಸ್ವಲ್ಪ ಹೊತ್ತು ಕಾಯುತ್ತಿದ್ದರು.