ಮೆಟ್ಟಿಲೇರುವ ಯಂತ್ರವೂ ಕಾಯಕದೃಷ್ಟಿಯೂ

ಆಟಿಕೆಯ ಇಟ್ಟಿಗೆಗಳನ್ನು ಜೋಡಿಸಿ ಮೆಟ್ಟಿಲೇರುವ ಯಂತ್ರವನ್ನು ಕಟ್ಟುವುದು ವಿದ್ಯಾಭ್ಯಾಸಕ್ಕೆ ಸಲ್ಲುವ ಕೆಲಸವೇ, ಅಥವಾ ಉಳ್ಳವರ ಮಕ್ಕಳ ವಿನೋದವೇ? ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ಸೀಮೆಯ ಪೋಷಕರೂ ಅಧ್ಯಾಪಕರೂ ವಿಚಾರಮಾಡಬೇಕಾದ ಪ್ರಶ್ನೆಯಿದು. ಹಳಗನ್ನಡ ಬೋಧಿಸುವ ಪಂಡಿತನಿಗೆ ಇದರಲ್ಲಿ ಅಧಿಕಾರವೇನೆಂದು ಕೆಲವರು ಶಂಕಿಸಬಹುದು. ಶಬ್ದದ ಅರ್ಥವಿಚಾರದಿಂದಲೇ ಆರಂಭಿಸಿದರೆ ಆ ಶಂಕೆ ಪರಿಹಾರವಾದೀತು.

‘ರೋಬೋಟ್’ ಎಂಬ ಮಾತು ಚೆಕ್ ಭಾಷೆಯದು. ಕರೆಲ್ ಚಾಪೆಕ್ ಎಂಬ ಸಾಹಿತಿ 1920ರಲ್ಲಿ ಪ್ರಕಟಿಸಿದ ನಾಟಕದ ಮೂಲಕ ಅದು ಲೋಕವ್ಯಾಪಿಯಾಯಿತು. ಅದರ ಧಾತುವಾದ ‘ರೊಬೊಟ’ ಎಂಬುದಕ್ಕೆ ಒಡೆಯನ ನೆಲದಲ್ಲಿ ಒಕ್ಕಲುಗಳು ಕೂಲಿಯಿಲ್ಲದೆ ಮಾಡಬೇಕಾಗಿದ್ದ ಬಿಟ್ಟಿ ಚಾಕರಿ ಎಂದರ್ಥ. ಕನ್ನಡದಲ್ಲಿ ‘ಯಂತ್ರಮಾನವ’ ಎನ್ನುತ್ತೇವೆ. ಆದರೆ ಇಲ್ಲಿ ಹೇಳಹೊರಟ ಯಂತ್ರಕ್ಕೆ ಮುಖವಿಲ್ಲ, ಕೈಕಾಲಿಲ್ಲ. ಬುಲ್ಡೋಜರಿಗಿರುವಂತೆ ಎರಡು ಪಕ್ಕಗಳಲ್ಲಿಯೂ ಸುತ್ತುವ ಸರಪಳಿ ಪಟ್ಟಿಗಳು, ನಡುವೆ ಮೋಟಾರು ಮತ್ತು ಬ್ಯಾಟರಿ. ಅಷ್ಟೇ ಅದರ ಶರೀರ.

ಬಿಟ್ಟಿಯ ಮಾತು ಬಂದಾಗ ನಮಗೆ ಕಾಯಕದ ಮಾತು ನೆನಪಾಗದಿರದು. ಹನ್ನೆರಡನೆಯ ಶತಮಾನದಲ್ಲಿ ನುಲಿಯ ಚಂದಯ್ಯನವರು ಹಗ್ಗ ಹೊಸೆದರು, ಮೇದಾರ ಕೇತಯ್ಯನವರು ಬುಟ್ಟಿ ಹೆಣೆದರು. ದೇಹಶ್ರಮ ಎರಡರಲ್ಲಿಯೂ ಉಂಟು. ಆದರೆ ಬಿಟ್ಟಿಯಲ್ಲಿ ದುಡಿಯುವವನ ಬುದ್ಧಿಗೂ ಮನಸ್ಸಿಗೂ ಸ್ಥಾನವಿಲ್ಲ. ಕಾಯಕದಲ್ಲಿ ಮಾಡುವವನೇ ತನ್ನ ಕೆಲಸಕ್ಕೆ ಹೊಣೆ. ಆಟಿಕೆಯ ಇಟ್ಟಿಗೆಗಳಿಗೂ ಈ ಅಳತೆಗೋಲೇ ಅನ್ವಯಿಸಬೇಕೆಂಬುದು ನನ್ನ ವಾದ. ಪೆಟ್ಟಿಗೆಯೊಡನೆ ಬಂದ ಚಿತ್ರಗಳನ್ನು ನೋಡಿ, ಒಂದಾದ ಮೇಲೊಂದು ತುಂಡನ್ನು ಸಿಕ್ಕಿಸುತ್ತ ಹೋಗುವ ಬಾಲಕ ಮಾಡುವುದು ಬಿಟ್ಟಿ. ಯಂತ್ರ ಏಕೆ ಉರುಳಿತೆಂದು ತಾನೇ ಕೇಳಿಕೊಂಡು, ಬಿಚ್ಚಿ, ಮತ್ತೆ ಕಟ್ಟುವ ಬಾಲಕ ಮಾಡುವುದು ಕಾಯಕ.

ಮೆಟ್ಟಿಲೇರುವ ಯಂತ್ರವನ್ನೇ ಏಕೆ ಆರಿಸಬೇಕು? ಸಮತಟ್ಟಾದ ಮೇಜಿನ ಮೇಲೆ ಯಾವ ಯಂತ್ರವಾದರೂ ಓಡೀತು. ಮೆಟ್ಟಿಲು ಮಾತ್ರ ಯಾರಿಗೂ ಕೃಪಾಂಕ ಕೊಡುವುದಿಲ್ಲ. 5 ಸೆಂಟಿಮೀಟರ್ ಎತ್ತರ, 10 ಸೆಂಟಿಮೀಟರ್ ಅಗಲದ ನಾಲ್ಕಾರು ಮೆಟ್ಟಿಲುಗಳನ್ನು ಊರಿನ ಬಡಗಿಯಿಂದ ಮಾಡಿಸಿ ಮಕ್ಕಳ ಮುಂದಿಡೋಣ. ಒಂದು ಮೆಟ್ಟಿಲಿನ ಅಂಚಿನಿಂದ ಮುಂದಿನ ಮೆಟ್ಟಿಲಿನ ಅಂಚಿಗೆ ಓರೆಯಾಗಿ ಎಷ್ಟು ದೂರ? ಪೈಥಾಗೊರಸನ ಪ್ರಮೇಯ ಇಲ್ಲಿ ಉಪಯೋಗಕ್ಕೆ ಬರುತ್ತದೆ: ಸುಮಾರು 11.2 ಸೆಂಟಿಮೀಟರ್. ಯಂತ್ರದ ಭಾರ ನಟ್ಟನಡುವೆ ಇದ್ದರೆ, ನೆಲ ಮುಟ್ಟುವ ಪಟ್ಟಿಯ ಉದ್ದ ಈ ದೂರದ ಎರಡರಷ್ಟಾದರೂ, ಅಂದರೆ 22.4 ಸೆಂಟಿಮೀಟರಿಗೆ ಕಡಿಮೆಯಾಗದಂತೆ ಇರಬೇಕು. ಹಾಗಿದ್ದರೆ ಭಾರದ ಹಿಂದೊಂದು ಮುಂದೊಂದು ಅಂಚು ಯಾವಾಗಲೂ ಆಸರೆಯಾಗಿರುತ್ತದೆ. ಪಟ್ಟಿ ಗಿಡ್ಡವಾದರೆ ಯಂತ್ರ ತೊಟ್ಟಿಲಿನಂತೆ ತೂಗಿ ಹಿಂದಕ್ಕೆ ಮಗುಚುತ್ತದೆ. ಬ್ಯಾಟರಿಯನ್ನು ಹಿಂಭಾಗದಲ್ಲಿ ಎತ್ತರಕ್ಕೆ ಕಟ್ಟಿದರಂತೂ ಮಗುಚುವುದು ನಿಶ್ಚಯ. ಅದು ಮುಂದಕ್ಕೂ ತಗ್ಗಿಗೂ ಬರಬೇಕು. ಮೊದಲನೆಯ ಮೆಟ್ಟಿಲನ್ನು ಹಿಡಿಯಲು ಪಟ್ಟಿಯ ಮೂತಿ ಮೇಲಕ್ಕೆ ಓರೆಯಾಗಿರಬೇಕು.

ಮೋಟಾರಿನ ವೇಗವನ್ನು ಬಲವಾಗಿ ಮಾರ್ಪಡಿಸುವುದು ಮುಂದಿನ ಪಾಠ. 8 ಹಲ್ಲಿನ ಚಕ್ರದಿಂದ 24 ಹಲ್ಲಿನ ಚಕ್ರವನ್ನು ತಿರುಗಿಸಿ, ಅದರ ಅಚ್ಚಿಗೇ ಸೇರಿಸಿದ ಇನ್ನೊಂದು 8 ಹಲ್ಲಿನ ಚಕ್ರದಿಂದ 40 ಹಲ್ಲಿನದನ್ನು ತಿರುಗಿಸಿದರೆ ವೇಗ ಹದಿನೈದನೆಯ ಒಂದಂಶಕ್ಕೆ ಇಳಿಯುತ್ತದೆ. ಘರ್ಷಣೆಯಲ್ಲಿ ನಷ್ಟವಾಗುವುದನ್ನು ಬಿಟ್ಟು, ತಿರುಗಿಸುವ ಬಲ ಹದಿನೈದು ಪಟ್ಟಿನ ಸಮೀಪಕ್ಕೆ ಏರುತ್ತದೆ. ನುಣುಪಾದ ಪ್ಲಾಸ್ಟಿಕ್ ಪಟ್ಟಿ ಮರದ ಮೇಲೆ ಜಾರಿದಾಗ ಹಳೆಯ ಸೈಕಲ್ ಟ್ಯೂಬನ್ನು ಕತ್ತರಿಸಿ ಅಂಟಿಸುವ ಯುಕ್ತಿ ಮಕ್ಕಳಿಗೇ ಹೊಳೆದೀತು. ಮಳೆಗಾಲದಲ್ಲಿ ಪಾಚಿಗಟ್ಟಿದ ಕಲ್ಲುಮೆಟ್ಟಿಲಿನ ಮೇಲೆ ಕಾಲೂರಿ ನಡೆದು ಬಲ್ಲ ಮಲೆನಾಡಿನ ಮಕ್ಕಳಿಗೆ ಘರ್ಷಣೆ ಎಂದರೇನೆಂದು ಬೇರೆ ಹೇಳಿಕೊಡಬೇಕೆ? ಶೃಂಗೇರಿಯಲ್ಲಿ ತುಂಗೆಗೆ ಇಳಿಯುವ ಸೋಪಾನಗಳಿಂದ ಹಿಡಿದು ಹಳೆಯ ಮನೆಗಳ ಉಪ್ಪರಿಗೆಯ ಕಡಿದಾದ ಏಣಿಮೆಟ್ಟಿಲುಗಳವರೆಗೆ ಏರಿಳಿತವೇ ನಮ್ಮ ನಾಡಿನ ಸ್ವಭಾವ.

ಇದು ಕೇವಲ ಆಟವೆನ್ನುವವರು ಒಂದು ಸಂಗತಿಯನ್ನು ಲಕ್ಷಿಸಬೇಕು. 2011ರ ಮಾರ್ಚಿನಲ್ಲಿ ಜಪಾನಿನ ಫುಕುಶಿಮಾ ಪರಮಾಣು ಸ್ಥಾವರ ಸುನಾಮಿಗೆ ತುತ್ತಾದಾಗ, ವಿಕಿರಣದ ಭೀತಿಯಿಂದ ಮನುಷ್ಯರು ಹೊಗಲಾರದ ಕಟ್ಟಡಗಳನ್ನು ಏಪ್ರಿಲಿನಲ್ಲಿ ಮೊದಲು ಹೊಕ್ಕದ್ದು ಅಮೆರಿಕದ ‘ಪ್ಯಾಕ್‌ಬಾಟ್’ ಎಂಬ ಪಟ್ಟಿಚಾಲಿತ ಯಂತ್ರಗಳು. ಬಳಿಕ ಜಪಾನಿನದೇ ಆದ ‘ಕ್ವಿನ್ಸ್’ ಮೆಟ್ಟಿಲುಗಳನ್ನು ಏರಿ ಮೇಲಂತಸ್ತುಗಳ ಸ್ಥಿತಿಯನ್ನು ತಿಳಿಸಿತು; ಅಕ್ಟೋಬರಿನಲ್ಲಿ ತಂತಿಯ ಸಂಪರ್ಕ ಕಡಿದು ಒಳಗೇ ಉಳಿದುಹೋಯಿತು. ನಮ್ಮ ರಕ್ಷಣಾ ಸಂಶೋಧನಾ ಸಂಸ್ಥೆಯ ಪುಣೆಯ ಪ್ರಯೋಗಾಲಯವು ಬಾಂಬುಗಳನ್ನು ನಿಷ್ಕ್ರಿಯಗೊಳಿಸಲು ರೂಪಿಸಿದ ‘ದಕ್ಷ’ ಗಾಲಿಗಳ ಮೇಲೆಯೇ ಮೆಟ್ಟಿಲೇರಬಲ್ಲುದು. ಇಂಥ ಯಂತ್ರಗಳು ಮನುಷ್ಯಪ್ರಾಣವನ್ನು ಉಳಿಸುವ ಸಾಧನಗಳು. ಮರದ ಮೆಟ್ಟಿಲಿನ ಮುಂದೆ ನಮ್ಮ ಮಕ್ಕಳು ಬಿಡಿಸುವ ಸಮಸ್ಯೆಯೂ ಅವುಗಳನ್ನು ನಿರ್ಮಿಸಿದವರು ಬಿಡಿಸಿದ ಸಮಸ್ಯೆಯ ಜಾತಿಗೇ ಸೇರಿದ್ದು.

ಇನ್ನು ದಾನಿಗಳಲ್ಲಿ ಬಿನ್ನಹ. ಕೇಂದ್ರ ಸರ್ಕಾರದ ನೀತಿ ಆಯೋಗವು 2016ರಲ್ಲಿ ಆರಂಭಿಸಿದ ಅಟಲ್ ನಾವೀನ್ಯ ಅಭಿಯಾನದ ಅಡಿಯಲ್ಲಿ, ಆರನೆಯ ತರಗತಿಯಿಂದ ಹನ್ನೆರಡನೆಯ ತರಗತಿಯವರೆಗಿನ ಮಕ್ಕಳಿಗಾಗಿ ದೇಶದ 10,000 ಶಾಲೆಗಳಲ್ಲಿ ‘ಅಟಲ್ ಟಿಂಕರಿಂಗ್ ಲ್ಯಾಬ್’ಗಳು ಸ್ಥಾಪಿತವಾಗಿವೆ, ಒಂದೊಂದಕ್ಕೂ 20 ಲಕ್ಷ ರೂಪಾಯಿಗಳವರೆಗೆ ಅನುದಾನ ಗೊತ್ತುಮಾಡಲಾಯಿತು. ಹಣ ಒದಗಿದ ಮಾತ್ರಕ್ಕೆ ವಿದ್ಯೆ ಒದಗುವುದಿಲ್ಲ. ತುಂಡುಗಳು ಕಳೆದಾವೆಂದು ಪೆಟ್ಟಿಗೆಗಳನ್ನು ಬೀರುವಿನಲ್ಲಿಟ್ಟು ಬೀಗ ಹಾಕಿ, ಗಣ್ಯರು ಬಂದ ದಿನ ಮಾತ್ರ ತೆರೆದರೆ ಪ್ರಯೋಗಾಲಯವು ವಸ್ತುಸಂಗ್ರಹಾಲಯವಾಗುತ್ತದೆ.

ಒಂದೇ ಕಂಪನಿಯ ಹೆಸರಿಗೆ ಜೋತುಬೀಳುವುದೂ ವಿವೇಕವಲ್ಲ. ಡೆನ್ಮಾರ್ಕಿನ ಬಿಲ್ಲುಂಡಿನಲ್ಲಿ 1932ರಲ್ಲಿ ಹುಟ್ಟಿದ ಲೆಗೊ ಸಂಸ್ಥೆ ಇಂದಿನ ಮಾದರಿಯ ಇಟ್ಟಿಗೆಗೆ 1958ರಲ್ಲಿ ಹಕ್ಕುಪತ್ರ ಕೋರಿತು; 1998ರಲ್ಲಿ ‘ಮೈಂಡ್‌ಸ್ಟಾರ್ಮ್ಸ್’ ಎಂಬ ಯಂತ್ರಜೋಡಣೆಯ ಪೆಟ್ಟಿಗೆಯನ್ನು ತಂದಿತು; 2022ರ ಕೊನೆಗೆ ಅದರ ಮಾರಾಟವನ್ನೇ ನಿಲ್ಲಿಸಿತು. ಹಲ್ಲುಚಕ್ರ, ಪಟ್ಟಿ, ಮೋಟಾರುಗಳ ತತ್ತ್ವ ಮಾತ್ರ ಯಾವ ಪೆಟ್ಟಿಗೆಯಲ್ಲಿಯೂ ಒಂದೇ. ಆದುದರಿಂದ ಹೆಚ್ಚು ಬೆಲೆಯ ಒಂದು ಪೆಟ್ಟಿಗೆಗೆ ಬದಲು ಸಾಧಾರಣ ಬೆಲೆಯ ಹತ್ತು ಪೆಟ್ಟಿಗೆಗಳನ್ನು ಕೊಡಿಸುವುದು ಮೇಲು. ಕಳೆದುಹೋಗುವ ತುಂಡುಗಳಿಗೆಂದು ವರ್ಷವರ್ಷವೂ ಸ್ವಲ್ಪ ಹಣ ತೆಗೆದಿಟ್ಟರೆ ಬೀಗದ ಅವಶ್ಯಕತೆಯೇ ಇರದು. ಅನ್ನದಾಸೋಹದಲ್ಲಿ ಉಗ್ರಾಣದ ಬಾಗಿಲು ತೆರೆದಿರುವಂತೆ ಜ್ಞಾನದಾಸೋಹದಲ್ಲಿ ಬೀರುವಿನ ಬಾಗಿಲು ತೆರೆದಿರಬೇಕು.

ಅಧ್ಯಾಪಕ ಮಿತ್ರರಲ್ಲಿ ಎರಡು ಮಾತು. ಎಸ್.ಎಸ್.ಎಲ್.ಸಿ. ಪರೀಕ್ಷೆಯ ಫಲಿತಾಂಶದ ಚಿಂತೆಯ ನಡುವೆ ಇದಕ್ಕೆ ಸಮಯವೆಲ್ಲಿ ಎಂಬ ನಿಮ್ಮ ಕಷ್ಟ ನಿಜವಾದದ್ದು. ಆದರೂ ವಾರಕ್ಕೆ ಎರಡು ಅವಧಿಗಳನ್ನು ಮಿಗಿಸಲಾಗದಷ್ಟು ಬಡತನ ನಮ್ಮ ವೇಳಾಪಟ್ಟಿಗೆ ಬಂದಿಲ್ಲ. ಮಗು ಕಟ್ಟಿದ ಯಂತ್ರ ಉರುಳಿದಾಗ ನೀವೇ ಕೈಯಿಕ್ಕಿ ಸರಿಪಡಿಸಬೇಡಿ. ವಸ್ತುಪ್ರದರ್ಶನದ ಹಿಂದಿನ ರಾತ್ರಿ ಹಿರಿಯರು ಮುಗಿಸಿಕೊಟ್ಟ ಯಂತ್ರದಿಂದ ಮಗುವಿಗೆ ಬಹುಮಾನ ಬಂದೀತೇ ಹೊರತು ಬೇರೇನೂ ಬಾರದು.

ಭಾಷೆಯ ಅಧ್ಯಾಪಕನಾಗಿ ನನ್ನ ಕೋರಿಕೆಯೊಂದಿದೆ. ಯಂತ್ರ ಕಟ್ಟಿದ ಪ್ರತಿಯೊಂದು ಗುಂಪೂ ಕನ್ನಡದಲ್ಲಿ ಒಂದು ದಿನಚರಿಯನ್ನು ಬರೆಯಲಿ: ಯಾವ ದಿನ ಎಷ್ಟನೆಯ ಮೆಟ್ಟಿಲಿನಲ್ಲಿ ಉರುಳಿತು, ಕಾರಣವೇನೆಂದು ಊಹಿಸಿದರು, ಏನನ್ನು ಬದಲಿಸಿದರು, ಊಹೆ ನಿಜವಾಯಿತೆ. ‘ಟಾರ್ಕ್’ ಎಂದೇ ಬರೆಯಲಿ, ‘ತಿರುಗುಬಲ’ ಎಂದಾದರೂ ಬರೆಯಲಿ. ವಾಕ್ಯ ಮಾತ್ರ ಮಗುವಿನ ಸ್ವಂತದ್ದಾಗಿರಲಿ. ಗೈಡು ಪುಸ್ತಕದಿಂದ ಬಾಯಿಪಾಠ ಮಾಡಿದ ಪ್ರಬಂಧಗಳನ್ನು ಅನೇಕ ವರ್ಷಗಳಿಂದ ತಿದ್ದುತ್ತಿರುವ ನನಗೆ ಅಂಥ ಒಂದು ಪುಟವನ್ನು ಓದುವುದು ಪರಮ ಸಂತೋಷದ ಸಂಗತಿ. ಅವುಗಳಲ್ಲಿ ಉತ್ತಮವಾದವನ್ನು ಮುಂದಿನ ಸಂಚಿಕೆಯಲ್ಲಿ ಅಚ್ಚುಹಾಕಿಸಬೇಕೆಂದು ಸಂಪಾದಕ ಮಂಡಳಿಯನ್ನು ಪ್ರಾರ್ಥಿಸುತ್ತೇನೆ.