ಸೋಲಿಗೆ ಸಹಿ ಹಾಕಿದ ಸಚಿವ

೧೯೪೫ರ ಸೆಪ್ಟೆಂಬರ್ ೨ರ ಬೆಳಗು. ಟೋಕಿಯೋ ಕೊಲ್ಲಿಯಲ್ಲಿ ಲಂಗರು ಹಾಕಿದ್ದ ಅಮೆರಿಕದ ‘ಮಿಸೌರಿ’ ಯುದ್ಧನೌಕೆಯನ್ನು ರೇಷ್ಮೆಯ ಟೋಪಿ ಧರಿಸಿದ ವ್ಯಕ್ತಿಯೊಬ್ಬರು ಕೋಲೂರಿಕೊಂಡು ಬಹು ಪ್ರಯಾಸದಿಂದ ಏರಿದರು. ಅವರ ಬಲಗಾಲು ಕೃತಕವಾದುದು. ೧೯೩೨ರಲ್ಲಿ ಷಾಂಘೈ ನಗರದ ಸಮಾರಂಭವೊಂದರಲ್ಲಿ ಕೊರಿಯದ ಸ್ವಾತಂತ್ರ್ಯವಾದಿಯೊಬ್ಬನು ಎಸೆದ ಬಾಂಬು ಅವರ ಕಾಲನ್ನು ಬಲಿ ತೆಗೆದುಕೊಂಡಿತ್ತು. ಅವರೇ ಜಪಾನಿನ ವಿದೇಶಾಂಗ ಸಚಿವ ಮಮೋರು ಶಿಗೆಮಿತ್ಸು.

ಶರಣಾಗತಿಯ ಪತ್ರಕ್ಕೆ ಚಕ್ರವರ್ತಿಯ ಹಾಗೂ ಸರ್ಕಾರದ ಪರವಾಗಿ ಅವರು ಸಹಿ ಹಾಕಿದರು. ಅನಂತರ ಸೇನೆಯ ಪ್ರಧಾನ ಕಾರ್ಯಾಲಯದ ಪರವಾಗಿ ಜನರಲ್ ಉಮೇಜು ಸಹಿ ಮಾಡಿದರು.

ಒಂದು ದೇಶದ ಸೋಲಿಗೆ ಎರಡು ಸಹಿಗಳೇಕೆ? ಜಪಾನಿನ ದುರಂತದ ಬೀಜವೇ ಈ ಪ್ರಶ್ನೆಯಲ್ಲಿ ಅಡಗಿದೆ. ೧೮೮೯ರ ಸಂವಿಧಾನದಂತೆ ಸೇನೆಯ ಅಧಿಪತ್ಯ ನೇರವಾಗಿ ಚಕ್ರವರ್ತಿಗೆ ಸೇರಿದ್ದು. ಸಚಿವ ಸಂಪುಟಕ್ಕೆ ಅದರ ಮೇಲೆ ಹಿಡಿತವಿರಲಿಲ್ಲ. ೧೯೩೧ರಲ್ಲಿ ಮಂಚೂರಿಯದಲ್ಲಿದ್ದ ಸೇನೆ ತನ್ನಿಚ್ಛೆಯಂತೆ ಮುನ್ನುಗ್ಗಿದಾಗ, ನಡೆದುಹೋದುದಕ್ಕೆ ಜಗತ್ತಿನ ಮುಂದೆ ಸಮಜಾಯಿಷಿ ಹೇಳುವ ಕೆಲಸವಷ್ಟೇ ವಿದೇಶಾಂಗ ಸಚಿವರ ಪಾಲಿಗೆ ಉಳಿಯಿತು. ಬೆಂಕಿ ಹಚ್ಚುವವರು ಒಬ್ಬರು, ಹೊಗೆಗೆ ಉತ್ತರ ಕೊಡುವವರು ಇನ್ನೊಬ್ಬರು!

ಹಾಗೆಂದು ಶಿಗೆಮಿತ್ಸು ನಿರ್ದೋಷಿಗಳೆಂದು ಹೇಳುವಂತಿಲ್ಲ. ೧೯೪೩ರಲ್ಲಿ ಟೋಜೋ ಅವರ ಯುದ್ಧಕಾಲದ ಸಂಪುಟವನ್ನು ಸೇರಿದವರು ಅವರು. ೧೯೪೮ರಲ್ಲಿ ಟೋಕಿಯೋ ನ್ಯಾಯಮಂಡಲಿ ಅವರಿಗೆ ಏಳು ವರ್ಷಗಳ ಸೆರೆವಾಸ ವಿಧಿಸಿತು. ಅಂದು ಶಿಕ್ಷೆಗೊಳಗಾದವರಲ್ಲಿ ಅತ್ಯಂತ ಲಘುವಾದ ಶಿಕ್ಷೆ ಅದೇ. ೧೯೫೦ರಲ್ಲಿ ಅವರಿಗೆ ಬಿಡುಗಡೆಯಾಯಿತು.

ಅಷ್ಟರಲ್ಲಿ ಜಪಾನಿನ ಆಡಳಿತದ ಅಡಿಪಾಯವೇ ಬದಲಾಗಿತ್ತು. ೧೯೪೭ರಲ್ಲಿ ಜಾರಿಗೆ ಬಂದ ಸಂವಿಧಾನದಂತೆ ಸಚಿವರನ್ನು ಪ್ರಧಾನಿಯೇ ನೇಮಿಸಬೇಕು, ಅವರು ಸೈನಿಕರಾಗಿರಕೂಡದು, ಸಂಪುಟ ಸಂಸತ್ತಿಗೆ ಉತ್ತರ ಹೇಳಬೇಕು. ಪರರಾಷ್ಟ್ರಗಳೊಡನೆ ಮಾಡಿಕೊಳ್ಳುವ ಒಪ್ಪಂದಗಳಿಗೂ ಸಂಸತ್ತಿನ ಸಮ್ಮತಿ ಬೇಕು. ಇಂದಿಗೂ ಅಲ್ಲಿನ ವಿದೇಶಾಂಗ ಸಚಿವರ ಅಧಿಕಾರ ಈ ಚೌಕಟ್ಟಿನೊಳಗೇ ನಡೆಯುತ್ತಿದೆ.

೧೯೫೪ರಲ್ಲಿ ಹತೋಯಾಮ ಅವರ ಸಂಪುಟದಲ್ಲಿ ಶಿಗೆಮಿತ್ಸು ಮರಳಿ ಅದೇ ಪದವಿಗೆ ಬಂದರು. ರಷ್ಯದ ವಿರೋಧದಿಂದಾಗಿ ವಿಶ್ವಸಂಸ್ಥೆಯ ಬಾಗಿಲು ಜಪಾನಿಗೆ ಮುಚ್ಚಿತ್ತು. ೧೯೫೬ರ ಅಕ್ಟೋಬರಿನಲ್ಲಿ ಆ ರಾಷ್ಟ್ರದೊಡನೆ ಬಾಂಧವ್ಯ ಕುದುರಿ, ಡಿಸೆಂಬರ್ ೧೮ರಂದು ಬಾಗಿಲು ತೆರೆಯಿತು. ಹನ್ನೊಂದು ವರ್ಷಗಳ ಹಿಂದೆ ಸೋಲಿಗೆ ಸಹಿ ಹಾಕಿದ್ದ ವ್ಯಕ್ತಿಯೇ ಆ ದಿನ ಮಹಾಸಭೆಯಲ್ಲಿ ನಿಂತು, ಪೂರ್ವಪಶ್ಚಿಮಗಳ ನಡುವೆ ಜಪಾನು ಸೇತುವೆಯಾಗಬಲ್ಲದೆಂದು ನುಡಿದರು. ಮುಂದಿನ ತಿಂಗಳೇ, ೧೯೫೭ರ ಜನವರಿ ೨೬ರಂದು, ಅವರು ತೀರಿಕೊಂಡರು.

ರಾಷ್ಟ್ರದ ಹೆಸರಿನಲ್ಲಿ ಮಾತನಾಡುವವನಿಗೆ ರಾಷ್ಟ್ರದ ಖಡ್ಗವೂ ಕಿವಿಗೊಡಬೇಕು. ಇಲ್ಲವಾದರೆ, ಪರರು ಮಾಡಿದ ಸಾಲಕ್ಕೆ ರುಜು ಹಾಕುವ ಗುಮಾಸ್ತೆಯ ಪಾಡು ಅವನದಾಗುತ್ತದೆ.