ಕತ್ತರಿ ಕೇಳುಗನ ಕೈಗೆ ಬಂದಾಗ



ನಮ್ಮ ಪುತ್ತೂರು, ಸುಳ್ಯ, ಕಡಬ ಸೀಮೆಯವರಿಗೆ ತಾಳಮದ್ದಳೆಯನ್ನು ಪರಿಚಯಿಸಬೇಕಾಗಿಲ್ಲ. ವೇಷವಿಲ್ಲ, ಕುಣಿತವಿಲ್ಲ, ಭಾಗವತರ ಪದ್ಯ, ಚೆಂಡೆ-ಮದ್ದಳೆ ಮತ್ತು ಅರ್ಥಧಾರಿಗಳ ಆಶುಮಾತು, ಇಷ್ಟರಿಂದಲೇ ಪುರಾಣಲೋಕ ಕಣ್ಣೆದುರು ನಿಲ್ಲುತ್ತದೆ. ಕ್ಯಾಸೆಟ್ಟಿನ ಕಾಲದಲ್ಲಿ ಒಂದು ಮಗ್ಗುಲಿಗೆ ೩೦ ಅಥವಾ ೪೫ ನಿಮಿಷಗಳ ಮಿತಿಯಿತ್ತು. ಯಾವುದನ್ನು ಉಳಿಸಬೇಕೆಂಬುದು ಮುದ್ರಿಸಿದವರ ತೀರ್ಮಾನ. ಇಂದು ಯೂಟ್ಯೂಬಿನಲ್ಲಿ ಇಡೀ ಕೂಟವೇ ಲಭ್ಯ. ಅದರಿಂದ ಬೇಕಾದ ತುಣುಕನ್ನು ಕತ್ತರಿಸಿ, ಇನ್ನೊಂದು ಕೂಟದ ಪದ್ಯವನ್ನು ಜೋಡಿಸಿ, ಚಿತ್ರ ಸೇರಿಸಿ ವಾಟ್ಸಾಪಿನಲ್ಲಿ ಹಂಚುವ ಸಾಮರ್ಥ್ಯ ಪ್ರತಿಯೊಬ್ಬ ಕೇಳುಗನ ಕೈಸೇರಿದೆ.

ಈ ಸ್ವಾತಂತ್ರ್ಯವನ್ನು ನಾನು ವಿರೋಧಿಸುವವನಲ್ಲ. ಒಂದೇ ಪದ್ಯವನ್ನು ಇಬ್ಬರು ಭಾಗವತರು ಹಾಡಿದ ಬಗೆಯನ್ನು ಜೊತೆಗಿಟ್ಟು ಆಲಿಸುವುದು ಒಳ್ಳೆಯ ಪಾಠವೇ ಸರಿ. ವಿದೇಶದಲ್ಲಿ ಬೆಳೆಯುವ ಮೊಮ್ಮಕ್ಕಳನ್ನು ಐದು ನಿಮಿಷದ ತುಣುಕು ಇಡೀ ಪ್ರಸಂಗದತ್ತ ಸೆಳೆದೀತು.

ಆದರೆ ತಾಳಮದ್ದಳೆಯ ಜೀವ ಸಂವಾದದಲ್ಲಿದೆ. ವಾಲಿವಧೆಯನ್ನೇ ನೋಡಿ. ಶೇಣಿ ಗೋಪಾಲಕೃಷ್ಣ ಭಟ್ಟರ (೧೯೧೮-೨೦೦೬) ವಾಲಿಯ ಅರ್ಥಗಾರಿಕೆ ಪ್ರಸಿದ್ಧವಾದುದು. ಮರೆಯಲ್ಲಿ ನಿಂತು ಬಾಣ ಬಿಟ್ಟ ರಾಮನನ್ನು ವಾಲಿ ಪ್ರಶ್ನಿಸುವ ಭಾಗವನ್ನಷ್ಟೇ ಕತ್ತರಿಸಿದರೆ ಅದು ರಾಮದೂಷಣೆಯೆನಿಸುತ್ತದೆ. ತಮ್ಮನ ಮಡದಿಯನ್ನು ತನ್ನವಳಾಗಿಸಿಕೊಂಡವನಿಗೆ ಇದು ದಂಡನೆಯೆಂಬ ರಾಮನ ಉತ್ತರವನ್ನಷ್ಟೇ ಹಂಚಿದರೆ ವಾಲಿಯ ಪ್ರಶ್ನೆಯ ಮೊನೆ ಕಾಣದಾಗುತ್ತದೆ. ಪಾತ್ರದ ಮಾತನ್ನು ಕಲಾವಿದರ ಸ್ವಂತ ಅಭಿಪ್ರಾಯವೆಂದು ತಿಳಿದು ನಿಂದಿಸುವವರಿಗೂ ಇಂತಹ ತುಣುಕುಗಳೇ ದಾರಿ ಮಾಡಿಕೊಡುತ್ತವೆ. ಇದಿರು ಅರ್ಥಧಾರಿಯಿಲ್ಲದ ವಾದ ಒಂಟಿ ಚಕ್ರದ ಗಾಡಿಯಂತೆ.

೧೯೫೭ರ ಕೃತಿಸ್ವಾಮ್ಯ ಕಾಯಿದೆಗೆ ೨೦೧೨ರಲ್ಲಿ ತಿದ್ದುಪಡಿಯಾಗಿ ೩೮-ಬಿ ಕಲಮು ಸೇರಿತು. ಅದರಂತೆ ಕಲಾವಿದರಿಗೆ ತಮ್ಮ ಹೆಸರನ್ನು ಗುರುತಿಸಿಕೊಳ್ಳುವ ಹಕ್ಕೂ, ಕೀರ್ತಿಗೆ ಕುಂದು ತರುವ ವಿರೂಪವನ್ನು ತಡೆಯುವ ಹಕ್ಕೂ ಇದೆ. ನಿಗದಿತ ಅವಧಿಗೆ ಹೊಂದಿಸಲು ಮೊಟಕುಗೊಳಿಸಿದ ಮಾತ್ರಕ್ಕೆ ಕುಂದಾಯಿತೆಂದು ಭಾವಿಸಬಾರದೆಂದೂ ಅದೇ ಕಲಮು ಹೇಳುತ್ತದೆ. ಮುದ್ರಣದ ಹಕ್ಕುಳ್ಳವರ ಅನುಮತಿಯ ಮಾತು ಬೇರೆ. ಆದರೆ ಮೊಟಕುಗೊಳಿಸುವುದಕ್ಕೂ ತಿರುಚುವುದಕ್ಕೂ ಇರುವ ಅಂತರವನ್ನು ಕಾನೂನು ಗುರುತಿಸಿದೆ. ನಾವೂ ಗುರುತಿಸಬೇಡವೇ?

ಆದುದರಿಂದ ತುಣುಕು ಹಂಚುವವರಲ್ಲಿ ನನ್ನ ವಿನಂತಿ ಇಷ್ಟೇ. ಪ್ರಸಂಗ, ಭಾಗವತರು, ಅರ್ಥಧಾರಿಗಳು ಹಾಗೂ ಕೂಟ ನಡೆದ ಸ್ಥಳ ಮತ್ತು ವರ್ಷವನ್ನು ಬರೆಯಿರಿ. ಪ್ರಶ್ನೆಯನ್ನು ಕತ್ತರಿಸುವುದಾದರೆ ಉತ್ತರವನ್ನೂ ಸೇರಿಸಿರಿ. ಎರಡು ಕೂಟಗಳನ್ನು ಜೋಡಿಸಿದ್ದರೆ ಹಾಗೆಂದು ತಿಳಿಸಿರಿ. ಇದಕ್ಕೂ ಸುಲಭವಾದುದು, ಮೂಲ ವೀಡಿಯೋದ ಆ ನಿಮಿಷಕ್ಕೇ ಒಯ್ಯುವ ಕೊಂಡಿಯನ್ನು ಕಳುಹಿಸುವುದು. ಯೂಟ್ಯೂಬಿನಲ್ಲಿ ಆ ಸೌಲಭ್ಯವಿದೆ. ಆಗ ಇಷ್ಟವಾದುದನ್ನು ಆರಿಸಿದ ನಿಮ್ಮ ಅಭಿರುಚಿಯೂ ಉಳಿಯಿತು, ಮುಂದಕ್ಕೆ ಕೇಳುವವರಿಗೆ ರಾಮನೂ ದೊರೆತ, ವಾಲಿಯೂ ದೊರೆತ.